ಯಹೂದಿ ಧರ್ಮದಲ್ಲಿ ಅಭಿಪ್ರಾಯಭೇದ

ಯಹೂದಿ ಧರ್ಮದಲ್ಲಿ ಒಂದೇ ಪ್ರಶ್ನೆಗೆ ಪರಸ್ಪರ ವಿರುದ್ಧವಾದ ಉತ್ತರಗಳು ಶಾಸ್ತ್ರಗ್ರಂಥಗಳಲ್ಲಿಯೇ ದಾಖಲಾಗಿ ಉಳಿದಿವೆ. ಇಂತಹ ಶಾಸ್ತ್ರೀಯ ಭಿನ್ನಾಭಿಪ್ರಾಯವನ್ನು ಹೀಬ್ರೂ ಭಾಷೆಯಲ್ಲಿ ‘ಮಖ್ಲೋಕೆತ್’ ಎನ್ನುತ್ತಾರೆ. ಆಳ್ವಿಕೆ, ದೇವರಲ್ಲಿ ನಂಬಿಕೆ ಮತ್ತು ವಿವಾಹ ಎಂಬ ಮೂರು ವಿಷಯಗಳಲ್ಲಿ ಈ ಭಿನ್ನತೆ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಎರಡರಲ್ಲಿ ಪರಂಪರೆಯು ಬಹುಮಟ್ಟಿಗೆ ವಾದಕ್ಕೆ ಎಡೆಗೊಟ್ಟಿದೆ. ವಿವಾಹವು ವ್ಯಕ್ತಿಯ ಹಾಗೂ ಮಕ್ಕಳ ಧಾರ್ಮಿಕ ಸ್ಥಾನವನ್ನು ನಿರ್ಧರಿಸುವುದರಿಂದ, ಅಲ್ಲಿನ ಭಿನ್ನಾಭಿಪ್ರಾಯದ ಪರಿಣಾಮಗಳು ಹೆಚ್ಚು ಗಂಭೀರವಾಗಿವೆ.

ಹಿನ್ನೆಲೆ

ಯಹೂದಿ ಧರ್ಮದ ಮೂಲಗ್ರಂಥ ತೋರಾ, ಅಂದರೆ ಮೋಶೆಯ ಐದು ಗ್ರಂಥಗಳು. ಮೌಖಿಕವಾಗಿ ಬಂದ ಧರ್ಮನಿಯಮಗಳನ್ನು ಸುಮಾರು ಕ್ರಿ.ಶ. 200ರಲ್ಲಿ ‘ಮಿಶ್ನಾ’ ಎಂಬ ಸಂಗ್ರಹವಾಗಿ ಜೋಡಿಸಲಾಯಿತು. ಅದರ ಮೇಲಿನ ವಿಸ್ತೃತ ಚರ್ಚೆಯೇ ‘ತಾಲ್ಮುಡ್’. ಧರ್ಮಗುರುಗಳಾದ ರಬ್ಬಿಗಳು ಇವುಗಳ ಆಧಾರದಿಂದ ನಿರ್ಣಯಿಸಿದ ಆಚರಣಾ ನಿಯಮಗಳ ಸಮೂಹಕ್ಕೆ ‘ಹಲಾಖಾ’ ಎಂದು ಹೆಸರು. ಹಿಲ್ಲೆಲ್ ಮತ್ತು ಶಮ್ಮಾಯಿ ಎಂಬ ಗುರುಗಳ ಎರಡು ಪಂಥಗಳ ವಾದಗಳು ಮಿಶ್ನಾದಲ್ಲಿ ಪದೇ ಪದೇ ಬರುತ್ತವೆ. ನಿರ್ಣಯವು ಸಾಮಾನ್ಯವಾಗಿ ಹಿಲ್ಲೆಲನ ಪಂಥದ ಪರವಾಗಿದ್ದರೂ ಸೋತ ಪಕ್ಷದ ಮಾತನ್ನು ಅಳಿಸಿಲ್ಲ. ಮುಂದೊಂದು ಕಾಲದ ನ್ಯಾಯಸಭೆಗೆ ಅಲ್ಪಮತವೂ ಆಧಾರವಾಗಬಹುದು ಎಂಬುದು ಇದಕ್ಕೆ ಮಿಶ್ನಾ ಕೊಡುವ ಕಾರಣಗಳಲ್ಲೊಂದು.

ಆಳ್ವಿಕೆ

ತೋರಾದ ಧರ್ಮೋಪದೇಶಕಾಂಡವು ಅರಸನನ್ನು ನೇಮಿಸಿಕೊಳ್ಳಲು ಅವಕಾಶ ಕೊಟ್ಟು, ಕೂಡಲೇ ಅವನಿಗೆ ಮಿತಿಗಳನ್ನು ಹಾಕುತ್ತದೆ. ಅವನು ಕುದುರೆಗಳನ್ನಾಗಲಿ, ಪತ್ನಿಯರನ್ನಾಗಲಿ, ಬೆಳ್ಳಿಬಂಗಾರವನ್ನಾಗಲಿ ಅತಿಯಾಗಿ ಹೊಂದಬಾರದು; ಧರ್ಮಶಾಸ್ತ್ರದ ಪ್ರತಿಯೊಂದನ್ನು ಬರೆದಿಟ್ಟುಕೊಂಡು ಜೀವಮಾನವೆಲ್ಲ ಓದಬೇಕು. ಸಮುವೇಲನ ಮೊದಲನೆಯ ಗ್ರಂಥದಲ್ಲಿ ಜನರು ಅರಸನನ್ನು ಬೇಡಿದಾಗ ಪ್ರವಾದಿ ಸಮುವೇಲನು ಅಸಮಾಧಾನಗೊಂಡು, ಅರಸನು ಅವರ ಮಕ್ಕಳನ್ನು ಸೇವೆಗೂ ಹೊಲಗಳನ್ನು ತನ್ನವರಿಗಾಗಿಯೂ ಕಸಿದುಕೊಳ್ಳುವನೆಂದು ಎಚ್ಚರಿಸುತ್ತಾನೆ.

ಈ ಎರಡು ಪಾಠಗಳ ನಡುವಣ ಬಿಕ್ಕಟ್ಟು ತಾಲ್ಮುಡ್‌ನಲ್ಲಿ ವಾದವಾಗಿ ಮುಂದುವರಿಯಿತು. ಅರಸನ ನೇಮಕವು ದೇವರ ಆಜ್ಞೆಯೆಂದು ರಬ್ಬಿ ಯೆಹೂದಾ ಹೇಳಿದರೆ, ಅದು ಜನರ ಗೊಣಗಾಟಕ್ಕೆ ಉತ್ತರವಾಗಿ ಬಂದ ಮಾತಷ್ಟೇ ಎಂದು ರಬ್ಬಿ ನೆಹೊರಾಯ್ ವಾದಿಸಿದರು. ಹನ್ನೆರಡನೆಯ ಶತಮಾನದ ಮೈಮೊನಿಡೀಸ್ ಮೊದಲ ಪಕ್ಷವನ್ನು ಎತ್ತಿಹಿಡಿದನು. ಪೋರ್ಚುಗಲ್ ಮತ್ತು ಸ್ಪೇನ್ ಅರಸರ ಸೇವೆಯಲ್ಲಿದ್ದು, 1492ರಲ್ಲಿ ಯಹೂದಿಗಳೊಂದಿಗೆ ಸ್ಪೇನಿನಿಂದ ಹೊರಬೀಳಬೇಕಾದ ಐಸಾಕ್ ಅಬ್ರವನೆಲ್ (1437–1508) ರಾಜಪ್ರಭುತ್ವವನ್ನೇ ಟೀಕಿಸಿದನು. ನಿಯತ ಅವಧಿಗೆ ಆಯ್ಕೆಯಾದವರು ಆಳುವ ವೆನಿಸ್, ಫ್ಲಾರೆನ್ಸ್‌ನಂತಹ ನಗರಗಳು ಅವನಿಗೆ ಮಾದರಿಯಾಗಿದ್ದವು.

ಸ್ವಂತ ರಾಜ್ಯವಿಲ್ಲದೆ ಬದುಕಿದ ಸಮುದಾಯಗಳಿಗೆ ಪರರ ಆಳ್ವಿಕೆಯೇ ಮುಖ್ಯ ಪ್ರಶ್ನೆಯಾಗಿತ್ತು. ನೆಲದ ಅರಸನ ಕಾನೂನು ಯಹೂದಿಗಳಿಗೂ ಕಾನೂನೇ ಎಂಬ ಸೂತ್ರವನ್ನು ಮೂರನೆಯ ಶತಮಾನದಲ್ಲಿ ಬ್ಯಾಬಿಲೋನಿಯಾದ ಶ್ಮುಯೆಲ್ ನೀಡಿದನು. ಇದು ಮುಖ್ಯವಾಗಿ ತೆರಿಗೆ, ಆಸ್ತಿ ಮುಂತಾದ ಲೌಕಿಕ ವ್ಯವಹಾರಗಳಿಗೆ ಅನ್ವಯಿಸಿತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಾಗ ವಾದವು ಹೊಸ ರೂಪ ತಳೆಯಿತು. ಅರಸನಿಲ್ಲದಾಗ ಆಳುವ ಅಧಿಕಾರ ಜನತೆಗೆ ಮರಳುತ್ತದೆಂದು ರಬ್ಬಿ ಅಬ್ರಹಾಂ ಐಸಾಕ್ ಕೂಕ್ (1865–1935) ಮೊದಲೇ ಪ್ರತಿಪಾದಿಸಿದ್ದರು. ಸತ್ಮಾರ್ ಪಂಥದ ರಬ್ಬಿ ಯೋಯೆಲ್ ಟೈಟೆಲ್‌ಬೌಮ್ (1887–1979) ಅವರಾದರೋ, ಮೆಸ್ಸೀಯನ ಆಗಮನಕ್ಕೆ ಮುನ್ನ ಮಾನವಪ್ರಯತ್ನದಿಂದ ರಾಜ್ಯ ಕಟ್ಟುವುದು ಧರ್ಮವಿರೋಧಿ ಎಂದರು.

ದೇವರಲ್ಲಿ ನಂಬಿಕೆ

ದೇವರು ಒಬ್ಬನೇ ಎಂಬ ಘೋಷಣೆಯು ಯಹೂದಿಗಳ ನಿತ್ಯ ಪ್ರಾರ್ಥನೆಯ ಭಾಗ. ಆದರೆ ಯಹೂದಿಯಾದವನು ಕಡ್ಡಾಯವಾಗಿ ಏನೇನನ್ನು ನಂಬಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಮೈಮೊನಿಡೀಸ್ ಮಿಶ್ನಾದ ವ್ಯಾಖ್ಯಾನದಲ್ಲಿ 13 ತತ್ತ್ವಗಳನ್ನು ಪಟ್ಟಿಮಾಡಿದನು. ಯೋಸೆಫ್ ಆಲ್ಬೋ ಅವನ್ನು ದೇವರ ಅಸ್ತಿತ್ವ, ದೈವಪ್ರಕಟನೆ ಮತ್ತು ಕರ್ಮಫಲ ಎಂಬ ಮೂರಕ್ಕೆ ಇಳಿಸಿದನು. ತೋರಾದ ಪ್ರತಿಯೊಂದು ಮಾತೂ ಸಮಾನವಾಗಿ ಪವಿತ್ರವಾದುದರಿಂದ ಕೆಲವನ್ನಷ್ಟೇ ಮೂಲತತ್ತ್ವಗಳೆಂದು ಬೇರ್ಪಡಿಸುವುದು ಸಲ್ಲದೆಂದು ಅಬ್ರವನೆಲ್ ಹೇಳಿದನು.

ದೇವರಿಗೆ ಶರೀರವಿದೆ ಎನ್ನುವವನನ್ನು ಮೈಮೊನಿಡೀಸ್ ಧರ್ಮಭ್ರಷ್ಟರ ಸಾಲಿಗೆ ಸೇರಿಸಿದನು. ಅವನ ಸಮಕಾಲೀನನಾದ ಪ್ರೊವಾನ್ಸಿನ ಅಬ್ರಹಾಂ ಬೆನ್ ಡೇವಿಡ್ ಇದನ್ನು ಆಕ್ಷೇಪಿಸಿ, ಮೈಮೊನಿಡೀಸನಿಗಿಂತ ದೊಡ್ಡವರೂ ಶಾಸ್ತ್ರವಾಕ್ಯಗಳನ್ನು ಅನುಸರಿಸಿ ಹಾಗೆ ನಂಬಿದ್ದರೆಂದು ಟಿಪ್ಪಣಿ ಬರೆದನು. ಜರ್ಮನಿಯ ಮೋಸೆಸ್ ಮೆಂಡೆಲ್ಸನ್ 1783ರ ‘ಜೆರುಸಲೇಮ್’ ಗ್ರಂಥದಲ್ಲಿ ಯಹೂದಿ ಧರ್ಮವು ಪ್ರಕಟಿಸುವುದು ನಿಯಮಗಳನ್ನೇ ಹೊರತು ಕಡ್ಡಾಯ ಮತತತ್ತ್ವಗಳನ್ನಲ್ಲ ಎಂದು ವಾದಿಸಿದನು.

ಈ ಸಹಿಷ್ಣುತೆಗೂ ಎಲ್ಲೆಗಳಿದ್ದವು. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯವು ದಾರ್ಶನಿಕ ಸ್ಪಿನೋಜಾನನ್ನು ಬಹಿಷ್ಕರಿಸಿತು. ದೇವರನ್ನು ವ್ಯಕ್ತಿಯಾಗಿ ಅಲ್ಲದೆ ಮನುಷ್ಯನನ್ನು ಉನ್ನತಿಗೊಯ್ಯುವ ಶಕ್ತಿಯಾಗಿ ಕಂಡ ಅಮೆರಿಕದ ಮೊರ್ಡೆಕಾಯ್ ಕಪ್ಲಾನ್ ಅವರನ್ನು 1945ರಲ್ಲಿ ಸಂಪ್ರದಾಯನಿಷ್ಠ ರಬ್ಬಿಗಳ ಸಂಘವೊಂದು ಬಹಿಷ್ಕರಿಸಿತು.

ವಿವಾಹ ಮತ್ತು ವಿಚ್ಛೇದನ

ಹಲಾಖಾದ ಪ್ರಕಾರ ವಿವಾಹಕ್ಕೆ ಎರಡು ಹಂತಗಳಿವೆ. ‘ಕಿದ್ದುಶೀನ್’ ಎಂಬ ವರಣದ ಬಳಿಕ, ಚಪ್ಪರದ ಕೆಳಗೆ ‘ನಿಸ್ಸುಯೀನ್’ ನೆರವೇರುತ್ತದೆ. ಪತಿಯ ಹೊಣೆಗಳನ್ನು, ವಿಚ್ಛೇದನ ಅಥವಾ ವೈಧವ್ಯದಲ್ಲಿ ಪತ್ನಿಗೆ ಸಲ್ಲಬೇಕಾದ ಮೊತ್ತವನ್ನು ‘ಕೆತುಬಾ’ ಎಂಬ ಕರಾರುಪತ್ರ ದಾಖಲಿಸುತ್ತದೆ. ವಿಚ್ಛೇದನಕ್ಕೆ ಪತಿಯು ಪತ್ನಿಗೆ ‘ಗೆಟ್’ ಎಂಬ ಪತ್ರವನ್ನು ಕೊಡಬೇಕು.

ವಿಚ್ಛೇದನದ ಕಾರಣಗಳ ಬಗ್ಗೆ ಮಿಶ್ನಾದಲ್ಲೇ ಭಿನ್ನಮತವಿದೆ. ಪತ್ನಿಯ ಶೀಲಭ್ರಷ್ಟತೆಯೊಂದೇ ಕಾರಣವಾಗಬಲ್ಲದೆಂದು ಶಮ್ಮಾಯಿ ಪಂಥವು ಹೇಳಿದರೆ, ಅಡುಗೆ ಕೆಡಿಸಿದರೂ ಸಾಕೆಂದು ಹಿಲ್ಲೆಲ್ ಪಂಥವು ಹೇಳಿತು. ಪತಿಯ ಈ ಏಕಪಕ್ಷೀಯ ಅಧಿಕಾರಕ್ಕೆ ಸುಮಾರು ಕ್ರಿ.ಶ. 1000ದಲ್ಲಿ ಮೈನ್ಸ್ ನಗರದ ರಬ್ಬಿ ಗೆರ್ಶೋಮ್ ಅವರ ಹೆಸರಿನ ಶಾಸನಗಳು ತಡೆಯೊಡ್ಡಿದವು. ಅವು ಬಹುಪತ್ನಿತ್ವವನ್ನೂ ಪತ್ನಿಯ ಸಮ್ಮತಿಯಿಲ್ಲದ ವಿಚ್ಛೇದನವನ್ನೂ ನಿಷೇಧಿಸಿದವು. ಐರೋಪ್ಯ ಅಶ್ಕೆನಾಜಿ ಯಹೂದಿಗಳು ಇವನ್ನು ಒಪ್ಪಿಕೊಂಡರು. ಯೆಮೆನ್ ಮೊದಲಾದ ಕಡೆಗಳಲ್ಲಿ ಬಹುಪತ್ನಿತ್ವವು ಇಪ್ಪತ್ತನೆಯ ಶತಮಾನದವರೆಗೂ ಉಳಿಯಿತು.

ಪತಿಯು ಗೆಟ್ ಕೊಡಲು ನಿರಾಕರಿಸಿದರೆ ಅಥವಾ ಕಾಣೆಯಾದರೆ ಪತ್ನಿಯು ‘ಅಗುನಾ’, ಅಂದರೆ ಬಂಧಿತೆ, ಆಗುತ್ತಾಳೆ. ಅವಳು ಮರುಮದುವೆಯಾಗುವಂತಿಲ್ಲ. ಪರಪುರುಷನಿಂದ ಅವಳಿಗೆ ಹುಟ್ಟಿದ ಮಕ್ಕಳು ‘ಮಮ್ಜೆರ್’ ಎನಿಸಿಕೊಂಡು ಸಾಮಾನ್ಯ ಯಹೂದಿಗಳನ್ನು ವಿವಾಹವಾಗುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಅಂತಹ ಸ್ಥಿತಿಯಲ್ಲಿರುವ ಪತಿಗೆ ಅವಿವಾಹಿತೆಯಿಂದ ಹುಟ್ಟಿದ ಮಕ್ಕಳಿಗೆ ಈ ಕಳಂಕವಿಲ್ಲ. ಈ ಕಷ್ಟವನ್ನರಿತ ಪ್ರಾಚೀನ ರಬ್ಬಿಗಳು, ಪತಿಯ ಮರಣವನ್ನು ಸಿದ್ಧಪಡಿಸಲು ಒಬ್ಬನೇ ಸಾಕ್ಷಿಯ ಮಾತನ್ನೂ ಸ್ವೀಕರಿಸಿದರು. ಗೆಟ್ ಕೊಡಬೇಕಾದ ಪತಿಯು ಒಪ್ಪುವವರೆಗೆ ನ್ಯಾಯಸಭೆಯು ಅವನನ್ನು ಒತ್ತಾಯಿಸಬಹುದೆಂದು ಮೈಮೊನಿಡೀಸ್ ವಿಧಿಸಿದನು. ಬಲವಂತದ ಗೆಟ್ ಅಸಿಂಧುವಾದೀತೆಂಬ ಭಯದಿಂದ ಬೇರೆ ಪಂಡಿತರು ಈ ಮಾರ್ಗವನ್ನು ಬಹಳ ಸಂಕುಚಿತಗೊಳಿಸಿದರು.

ಇಸ್ರೇಲ್‌ನಲ್ಲಿ 1953ರ ಕಾಯಿದೆಯು ಯಹೂದಿಗಳ ವಿವಾಹ ಮತ್ತು ವಿಚ್ಛೇದನವನ್ನು ರಬ್ಬಿಗಳ ನ್ಯಾಯಾಲಯಗಳಿಗೆ ಒಪ್ಪಿಸಿತು. 1995ರ ಕಾಯಿದೆಯು ಗೆಟ್ ನಿರಾಕರಿಸುವವನ ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಬ್ಯಾಂಕ್ ಖಾತೆಗಳ ಮೇಲೆ ನಿರ್ಬಂಧ ಹೇರಲು ಮತ್ತು ಅವನನ್ನು ಸೆರೆಯಲ್ಲಿಡಲು ಅವಕಾಶ ನೀಡಿತು.

ಯಾರು ಯಹೂದಿ ಎಂಬ ಪ್ರಶ್ನೆಯೂ ವಿವಾಹದಲ್ಲೇ ತೀಕ್ಷ್ಣವಾಗುತ್ತದೆ. ಸಾಂಪ್ರದಾಯಿಕ ನಿಯಮದಂತೆ ತಾಯಿ ಯಹೂದಿಯಾಗಿರಬೇಕು. ಅಮೆರಿಕದ ಸುಧಾರಣಾವಾದಿ ರಬ್ಬಿಗಳು 1983ರಲ್ಲಿ, ಯಹೂದಿಯಾಗಿ ಬೆಳೆದಲ್ಲಿ ತಂದೆಯ ಕಡೆಯಿಂದಲೂ ಆ ಸ್ಥಾನ ಬರುತ್ತದೆಂದು ಅಂಗೀಕರಿಸಿದರು. ಹೀಗಾಗಿ ಒಂದು ಪಂಥದಲ್ಲಿ ಯಹೂದಿಯಾದವರು ಇನ್ನೊಂದರಲ್ಲಿ ಮದುವೆಯಾಗಲು ಮತಾಂತರಗೊಳ್ಳಬೇಕಾಗಬಹುದು. ಹಿಲ್ಲೆಲ್ ಮತ್ತು ಶಮ್ಮಾಯಿ ಪಂಥಗಳು ವಿವಾಹನಿಯಮಗಳಲ್ಲೇ ಭಿನ್ನಮತ ಹೊಂದಿದ್ದರೂ ಪರಸ್ಪರ ಹೆಣ್ಣು ತರುವುದನ್ನು ಬಿಡಲಿಲ್ಲ ಎಂಬ ಮಿಶ್ನಾದ ದಾಖಲೆಯನ್ನು ಈ ಸಂದರ್ಭದಲ್ಲಿ ನೆನೆಯಲಾಗುತ್ತದೆ.

ಭಾರತದೊಂದಿಗೆ ಸಂಬಂಧ

ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜೂ, 1132ರಲ್ಲಿ ಆಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟನು. ಹಲಾಖಾದಂತೆ ವಿಧಿವತ್ತಾಗಿ ಬಿಡುಗಡೆಯಾದ ದಾಸಿಯು ಯಹೂದಿಯೆನಿಸುತ್ತಾಳೆ. ಬಳಿಕ ಅವನು ಅವಳನ್ನು ವಿವಾಹವಾದನೆಂದು ವಿದ್ವಾಂಸರು ಭಾವಿಸುತ್ತಾರೆ. ಅವನ ಕಾಗದಪತ್ರಗಳು ಕೈರೋದ ಗೆನಿಜಾ ಸಂಗ್ರಹದಲ್ಲಿ ದೊರೆತಿವೆ.

ಕೊಂಕಣ ಕರಾವಳಿಯಿಂದ ಇಸ್ರೇಲ್‌ಗೆ ವಲಸೆ ಹೋದ ಬೆನೆ ಇಸ್ರೇಲ್ ಸಮುದಾಯವು 1960ರ ದಶಕದಲ್ಲಿ ಇದೇ ಬಗೆಯ ಪ್ರಶ್ನೆಯನ್ನು ಎದುರಿಸಿತು. ಶತಮಾನಗಳ ಕಾಲ ಪ್ರತ್ಯೇಕವಾಗಿದ್ದ ಇವರಲ್ಲಿ ಗೆಟ್ ಪದ್ಧತಿ ಇರಲಿಲ್ಲವೆಂಬ ಶಂಕೆಯಿಂದ, ಇತರ ಯಹೂದಿಗಳೊಂದಿಗೆ ಅವರ ವಿವಾಹಕ್ಕೆ ಮುನ್ನ ವಂಶಾವಳಿಯನ್ನು ಪರಿಶೀಲಿಸಬೇಕೆಂದು 1962ರಲ್ಲಿ ಪ್ರಧಾನ ರಬ್ಬಿ ಮಂಡಳಿಯು ಸೂಚಿಸಿತು. ಸಮುದಾಯವು ಪ್ರತಿಭಟನೆಗಿಳಿಯಿತು. 1964ರಲ್ಲಿ ಇಸ್ರೇಲ್ ಸಂಸತ್ತು ಅವರು ಎಲ್ಲ ರೀತಿಯಿಂದಲೂ ಸಮಾನ ಯಹೂದಿಗಳೆಂಬ ನಿಲುವನ್ನು ತಳೆದ ಬಳಿಕ, ಆ ಸೂಚನೆಯಿಂದ ಸಮುದಾಯದ ಹೆಸರನ್ನು ತೆಗೆದುಹಾಕಲಾಯಿತು.