ಸಾಮೂಹಿಕ ದಿನಸೂಚಿ

ಒಬ್ಬನೇ ದುಡಿಯುವವನಿಗೆ ಕಾಲದ ಲೆಕ್ಕವು ಅಷ್ಟೇನೂ ತೊಡಕಿನದಲ್ಲ. ಬೆಳಗಾಗುತ್ತಲೇ ಏಳುವುದು, ಹೊತ್ತಿಗೆ ಸರಿಯಾಗಿ ಹೊಲಕ್ಕೆ ಹೋಗುವುದು, ಸಂಜೆಗೆ ಮನೆಗೆ ಮರಳುವುದು - ಇಷ್ಟನ್ನು ನೆನಪಿನಲ್ಲಿಡಲು ಯಾವ ಬರಹದ ನೆರವೂ ಬೇಕಾಗುವುದಿಲ್ಲ. ಆದರೆ ಹತ್ತು ಮಂದಿ ಕೂಡಿ ಒಂದು ಕಾರ್ಯವನ್ನು ಕೈಗೊಂಡೊಡನೆ ಯಾರು, ಯಾವ ದಿನ, ಯಾವ ಹೊತ್ತಿನಲ್ಲಿ, ಎಲ್ಲಿರಬೇಕು ಎಂಬ ಪ್ರಶ್ನೆ ತಲೆದೋರುತ್ತದೆ. ನೆಲ, ನೀರು, ಹಣಗಳಂತೆ ಕಾಲವೂ ಹಂಚಿಕೊಂಡು ಬಳಸಬೇಕಾದ ಸ್ವತ್ತು. ಅದರ ಲೆಕ್ಕ ತಪ್ಪಿದರೆ ನಷ್ಟವು ಒಬ್ಬನದಲ್ಲ, ಎಲ್ಲರದು.

ಹಳೆಯ ಮೈಸೂರು ಸೀಮೆಯ ಕೆರೆಬಯಲುಗಳಲ್ಲಿ ಇಂತಹ ಹಂಚಿಕೆಯ ಹೊಣೆಯನ್ನು ನೀರುಗಂಟಿಯು ಹೊತ್ತಿದ್ದನು. ಕೆರೆಯ ತೂಬನ್ನು ತೆರೆಯುವುದು, ಮುಚ್ಚುವುದು, ಯಾವ ಗದ್ದೆಗೆ ಯಾವ ಸರದಿಯಲ್ಲಿ ನೀರು ಹರಿಯಬೇಕೆಂಬುದನ್ನು ನೋಡಿಕೊಳ್ಳುವುದು ಅವನ ಕಾಯಕ. ಅದಕ್ಕೆ ಪ್ರತಿಫಲವಾಗಿ ಸುಗ್ಗಿಯಲ್ಲಿ ರೈತರು ಕಣದ ಧಾನ್ಯದಲ್ಲಿ ಅವನಿಗೊಂದು ಪಾಲನ್ನು ಕೊಡುತ್ತಿದ್ದರು. ಸರದಿಯ ಲೆಕ್ಕವನ್ನು ಇಡುವವನು ನೀರುಗಂಟಿಯೊಬ್ಬನೇ ಆದರೂ ಆ ಲೆಕ್ಕದ ಕಟ್ಟಳೆಯು ಊರಿಗೆಲ್ಲ ತಿಳಿದುದಾಗಿತ್ತು. ಕಟ್ಟಳೆ ತಿಳಿದಿದ್ದುದರಿಂದಲೇ ತನ್ನ ಸರದಿ ತಪ್ಪಿದಾಗ ಕಾರಣವನ್ನು ಕೇಳುವುದು ರೈತನಿಗೆ ಸಾಧ್ಯವಾಗುತ್ತಿತ್ತು.

ದೊಡ್ಡ ನಾಲೆಗಳು ಬಂದ ಮೇಲೆ ಇದೇ ಲೆಕ್ಕವು ಸಾವಿರಾರು ಎಕರೆಗಳಿಗೆ ಹಬ್ಬಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದಲ್ಲಿ ಇಂಜಿನಿಯರಾಗಿದ್ದಾಗ ದಖ್ಖನ್ ನಾಲೆಗಳಿಗಾಗಿ ಬ್ಲಾಕ್ ಪದ್ಧತಿಯೊಂದನ್ನು ರೂಪಿಸಿದರು. ಭೂಮಿಯನ್ನು ಖಂಡಗಳಾಗಿ ವಿಂಗಡಿಸಿ, ಹೆಚ್ಚು ನೀರಿನ ಬೆಳೆಯನ್ನೂ ಕಡಿಮೆ ನೀರಿನ ಬೆಳೆಯನ್ನೂ ಸರದಿಯ ಮೇಲೆ ಬೆಳೆಯುವಂತೆ ಮಾಡುವುದು ಇದರ ತಿರುಳು. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದಿಂದ ಹೊರಡುವ ನಾಲೆಗೆ ಮೊದಲು ಇರ್ವಿನ್ ನಾಲೆಯೆಂದು ಹೆಸರಿತ್ತು. ಈಗ ಅದು ವಿಶ್ವೇಶ್ವರಯ್ಯ ನಾಲೆ. ಮಂಡ್ಯದ ಸೀಮೆಯಲ್ಲಿ ಇಂದಿಗೂ ನೀರು ಕಡಿಮೆಯಾದಾಗ ನಾಲೆಗಳಿಗೆ ಕಟ್ಟು ಪದ್ಧತಿಯಲ್ಲಿ ನೀರನ್ನು ಬಿಡುವುದುಂಟು. ಎಂದರೆ ಇಷ್ಟು ದಿನ ಹರಿವು, ಇಷ್ಟು ದಿನ ನಿಲುಗಡೆ. ಈ ದಿನಗಳು ನಾಲೆಯ ತುದಿಯಲ್ಲಿರುವ ರೈತನಿಗೆ ಸಕಾಲದಲ್ಲಿ ತಿಳಿಯದೆಹೋದರೆ ಅವನ ಸಸಿಮಡಿಯು ಒಣಗುತ್ತದೆ. ನೀರಿನಷ್ಟೇ ನೀರಿನ ಸುದ್ದಿಯೂ ಮುಖ್ಯ.

ಕಾಲವನ್ನು ಎಲ್ಲರಿಗೂ ತಿಳಿಸುವ ಗ್ರಂಥವೊಂದು ಕನ್ನಡ ನಾಡಿನ ಮನೆಮನೆಗಳಲ್ಲಿ ಇದ್ದೇ ಇದೆ, ಅದು ಪಂಚಾಂಗ. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳನ್ನು ಅದು ಎಲ್ಲರಿಗೂ ಒಂದೇ ಬಗೆಯಾಗಿ ಹೇಳುತ್ತದೆ. ಆದರೆ ಪಂಚಾಂಗವನ್ನು ಓದಬಹುದೇ ಹೊರತು ಅದರಲ್ಲಿ ಬರೆದು ಇತರರಿಗೆ ತಿಳಿಸಲು ಬರುವುದಿಲ್ಲ. ಒಮ್ಮೆ ಅಚ್ಚಾದ ಮೇಲೆ ಅದು ಬದಲಾಗುವುದೂ ಇಲ್ಲ. ಒಂದು ಸಂಸ್ಥೆಯ ದಿನಚರಿಯಾದರೋ ದಿನದಿನಕ್ಕೂ ಬದಲಾಗತಕ್ಕದ್ದು. ಹಲವರು ಬರೆಯಬೇಕಾದದ್ದು, ಇನ್ನೂ ಹಲವರು ಓದಬೇಕಾದದ್ದು. ಈ ಅಗತ್ಯವನ್ನು ಪೂರೈಸಲು ಹುಟ್ಟಿದುದೇ ಕಂಪ್ಯೂಟರಿನ ಸಾಮೂಹಿಕ ದಿನಸೂಚಿ.

ಇದರ ಉಪಯೋಗವನ್ನು ತಿಳಿಯಲು ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಂತಹ ಒಂದು ಹೋಬಳಿ ಕೇಂದ್ರವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಅಂತಹ ಊರಿನ ಹಾಲು ಉತ್ಪಾದಕರ ಸಹಕಾರ ಸಂಘವೊಂದು ಮಂಗಳವಾರದಂದು ರಾಸುಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕಿಸಲು ಗೊತ್ತುಮಾಡಿದೆಯೆಂದು ಭಾವಿಸಬಹುದು. ಕಾರ್ಯದರ್ಶಿಯು ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿದ್ದಾನೆ. ಅಧ್ಯಕ್ಷನು ತನ್ನ ಜೇಬಿನ ಡೈರಿಯಲ್ಲಿ ಬರೆದುಕೊಂಡಿದ್ದಾನೆ. ಪಶುವೈದ್ಯರು ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಲಸಿಕೆಯು ಬರುವುದು ತಡವಾಗಿ ದಿನವು ಗುರುವಾರಕ್ಕೆ ಹೋಗುತ್ತದೆ. ವೈದ್ಯರ ಪುಸ್ತಕದಲ್ಲಿ ತಿದ್ದುಪಡಿಯಾಯಿತು. ಗೋಡೆಯ ಮೇಲೆ ಆಗಲಿಲ್ಲ. ಮಂಗಳವಾರ ಬೆಳಿಗ್ಗೆ ರೈತರು ಕೆಲಸ ಬಿಟ್ಟು, ದೂರದ ಹಟ್ಟಿಗಳಿಂದ ಹಸುಗಳನ್ನು ಹೊಡೆದುಕೊಂಡು ಬಂದು ಕಾದು ಹಿಂದಿರುಗುತ್ತಾರೆ. ಗುರುವಾರ ಅವರಲ್ಲಿ ಕೆಲವರು ಮತ್ತೆ ಬರುವುದಿಲ್ಲ. ಬಾರದ ಹಸುವಿಗೆ ಲಸಿಕೆ ಇಲ್ಲ; ಲಸಿಕೆ ಇಲ್ಲದ ಹಸುವಿನಿಂದ ರೋಗವು ಊರಿಗೆಲ್ಲ ಹರಡಬಹುದು. ಇಲ್ಲಿ ಯಾರೂ ಕರ್ತವ್ಯವನ್ನು ಮರೆತಿಲ್ಲ. ಒಂದೇ ಸಂಗತಿಯು ಮೂರು ಕಡೆ ಬರೆಯಲ್ಪಟ್ಟುದೇ ದೋಷಕ್ಕೆ ಮೂಲ.

ಪರಿಹಾರವು ಸ್ಪಷ್ಟವಾಗಿದೆ. ಸಂಗತಿಯನ್ನು ಒಂದೇ ಕಡೆ ಬರೆಯಬೇಕು. ಬೇಕಾದವರೆಲ್ಲರೂ ಅಲ್ಲಿಂದಲೇ ಓದಿಕೊಳ್ಳಬೇಕು. ಆ ಒಂದು ಕಡೆಯನ್ನೇ ಸರ್ವರ್ ಎನ್ನುತ್ತಾರೆ. ಸರ್ವರ್ ಎಂದರೆ ಇತರ ಯಂತ್ರಗಳ ಕೋರಿಕೆಗೆ ಸದಾ ಉತ್ತರ ಕೊಡುತ್ತಿರುವ ಕಂಪ್ಯೂಟರು. ಅದರಲ್ಲಿ ನಡೆಯುವ ದಿನಸೂಚಿಯ ತಂತ್ರಾಂಶವು ಸಂಸ್ಥೆಯ ಎಲ್ಲ ಕಾರ್ಯಕ್ರಮಗಳನ್ನೂ ಕಾಪಾಡಿಟ್ಟಿರುತ್ತದೆ. ಸದಸ್ಯರ ಮೊಬೈಲುಗಳೂ ಕಚೇರಿಯ ಕಂಪ್ಯೂಟರುಗಳೂ ಅದನ್ನು ಆಗಾಗ ವಿಚಾರಿಸುತ್ತವೆ. “ಕಳೆದ ಸಲ ಕೇಳಿದ ಮೇಲೆ ಏನೇನು ಬದಲಾಗಿದೆ?” ಎಂಬುದೇ ಆ ವಿಚಾರಣೆ. ಸರ್ವರು ಬದಲಾದುದನ್ನು ಮಾತ್ರ ಕಳುಹಿಸುತ್ತದೆ. ಪ್ರತಿಯೊಂದು ಮೊಬೈಲಿನಲ್ಲೂ ದಿನಸೂಚಿಯ ಒಂದು ನಕಲು ಉಳಿಯುವುದರಿಂದ, ಸಿಗ್ನಲ್ ಸಿಗದ ಕಡೆಯಲ್ಲಿಯೂ ಹಿಂದೆ ಬಂದ ಮಾಹಿತಿಯನ್ನು ಓದಬಹುದು.

ಬೇರೆಬೇರೆ ಕಂಪನಿಗಳ ಯಂತ್ರಗಳು ಒಂದರ ಮಾತನ್ನು ಇನ್ನೊಂದು ಅರಿಯಬೇಕಾದರೆ ಬರೆಯುವ ಕ್ರಮವು ಎಲ್ಲಕ್ಕೂ ಸಮಾನವಾಗಿರಬೇಕು. ‘ಐಕ್ಯಾಲೆಂಡರ್’ ಎಂಬ ಇಂತಹ ಕ್ರಮವು 1998ರಲ್ಲಿ ಪ್ರಕಟವಾಯಿತು, 2009ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಪ್ರತಿಯೊಂದು ಕಾರ್ಯಕ್ರಮಕ್ಕೂ ಆರಂಭದ ವೇಳೆ, ಮುಕ್ತಾಯದ ವೇಳೆ, ವಿಷಯ, ಸ್ಥಳ ಮೊದಲಾದ ವಿವರಗಳೊಡನೆ ಬೇರಾವುದಕ್ಕೂ ಇಲ್ಲದ ಒಂದು ಗುರುತಿನ ಸಂಖ್ಯೆಯೂ ಇರುತ್ತದೆ. ದಿನ ಬದಲಾದರೂ ಸಂಖ್ಯೆ ಬದಲಾಗದು. ಆದುದರಿಂದ ಗುರುವಾರದ ಲಸಿಕೆಯು ಹೊಸದೊಂದು ಕಾರ್ಯಕ್ರಮವಲ್ಲ, ಮಂಗಳವಾರದ್ದೇ ಮುಂದಕ್ಕೆ ಹೋಗಿದೆ ಎಂಬುದನ್ನು ಯಂತ್ರವು ತಿಳಿಯುತ್ತದೆ. ‘ಪ್ರತಿ ತಿಂಗಳ ಎರಡನೆಯ ಶನಿವಾರ’ ಎಂಬಂತಹ ಮರುಕಳಿಸುವ ಸಭೆಯನ್ನು ಹನ್ನೆರಡು ಸಲ ಬರೆಯಬೇಕಾಗಿಲ್ಲ. ಒಂದು ನಿಯಮವನ್ನು ಬರೆದರೆ ಸಾಕು. ಆದರೆ ಯುಗಾದಿಯು ಚಾಂದ್ರಮಾನಕ್ಕೆ ಸೇರಿದ ಹಬ್ಬ. ಅದು ವರ್ಷವರ್ಷವೂ ಇಂಗ್ಲಿಷ್ ತಿಂಗಳ ಒಂದೇ ತಾರೀಖಿಗೆ ಬೀಳುವುದಿಲ್ಲ. ಇತರ ಪಂಚಾಂಗಗಳ ಗಣನೆಗೆ ಅವಕಾಶವೀಯುವ ವಿಸ್ತರಣೆಯು 2015ರಲ್ಲಿ ಪ್ರಕಟವಾಯಿತಾದರೂ ಎಲ್ಲ ತಂತ್ರಾಂಶಗಳೂ ಅದನ್ನು ಅಳವಡಿಸಿಕೊಂಡಿಲ್ಲ. ಆದ್ದರಿಂದ ಹಬ್ಬದ ದಿನಗಳನ್ನು ಪಂಚಾಂಗವನ್ನು ನೋಡಿಯೇ ಬರೆಯುವುದು ವಾಡಿಕೆ.

ಯಂತ್ರಗಳು ಸರ್ವರಿನೊಡನೆ ಮಾತನಾಡುವ ರೀತಿಯೂ ಗೊತ್ತಾದುದಾಗಿರಬೇಕಷ್ಟೆ. 2007ರಲ್ಲಿ ಪ್ರಕಟವಾದ ‘ಕ್ಯಾಲ್‌ಡ್ಯಾವ್’ ಎಂಬ ನಿಯಮಾವಳಿಯು ಈ ರೀತಿಯನ್ನು ನಿರ್ಧರಿಸಿತು. ಅದರಲ್ಲಿರುವ ಒಂದು ಉಪಾಯವು ಗಮನಾರ್ಹವಾದುದು. ಕಾರ್ಯದರ್ಶಿಯೂ ಅಧ್ಯಕ್ಷನೂ ಒಂದೇ ಸಭೆಯ ವೇಳೆಯನ್ನು ಒಂದೇ ಸಮಯದಲ್ಲಿ ತಿದ್ದಲು ಹೊರಟರೆ ಏನಾಗಬೇಕು? ಸರ್ವರು ಪ್ರತಿಯೊಂದು ಬರಹಕ್ಕೂ ಒಂದು ಮುದ್ರೆಯನ್ನು ಒತ್ತಿರುತ್ತದೆ. ಬರಹವು ಬದಲಾದಾಗ ಮುದ್ರೆಯೂ ಬದಲಾಗುತ್ತದೆ. ತಿದ್ದುವವನ ಯಂತ್ರವು ತಾನು ನೋಡಿದ್ದ ಮುದ್ರೆಯನ್ನು ತಿದ್ದುಪಡಿಯೊಡನೆ ಕಳುಹಿಸುತ್ತದೆ. ಮುದ್ರೆ ಹೊಂದಿದರೆ ತಿದ್ದುಪಡಿಗೆ ಒಪ್ಪಿಗೆ. ಅಷ್ಟರಲ್ಲಿ ಬೇರೆಯವರು ತಿದ್ದಿದ್ದರೆ ಮುದ್ರೆ ಹೊಂದುವುದಿಲ್ಲ. ಸರ್ವರು ಅದನ್ನು ನಿರಾಕರಿಸಿ, ಹೊಸ ಬರಹವನ್ನು ಮೊದಲು ನೋಡಬೇಕೆಂದು ಸೂಚಿಸುತ್ತದೆ. ಹೀಗೆ ಒಬ್ಬರ ಬರಹವು ಇನ್ನೊಬ್ಬರಿಗೆ ಅರಿವಿಲ್ಲದೆ ಅಳಿಸಿಹೋಗುವುದಿಲ್ಲ.

ಎಲ್ಲರೂ ಎಲ್ಲವನ್ನೂ ನೋಡುವುದು ಯುಕ್ತವಲ್ಲ. ಆದುದರಿಂದ ಓದುವ ಹಕ್ಕನ್ನೂ ಬರೆಯುವ ಹಕ್ಕನ್ನೂ ಬೇರೆಬೇರೆಯಾಗಿ ಕೊಡುವ ಏರ್ಪಾಡಿದೆ. ಇವೆರಡರ ನಡುವೆ ಇನ್ನೊಂದು ಸೊಗಸಾದ ಕ್ರಮವುಂಟು: ಒಬ್ಬನಿಗೆ ಇಂತಹ ಹೊತ್ತಿನಲ್ಲಿ ಬಿಡುವಿಲ್ಲವೆಂಬುದನ್ನು ಮಾತ್ರ ತೋರಿಸಿ, ಕಾರಣವನ್ನು ತೋರಿಸದಿರುವುದು. ಆಸ್ಪತ್ರೆಗೆ ಹೋಗಬೇಕಾದ ಶಿಕ್ಷಕಿಯು ತನ್ನ ಕಾಯಿಲೆಯನ್ನು ಶಾಲೆಗೆಲ್ಲ ಸಾರಬೇಕಾಗಿಲ್ಲ. ಆ ಹೊತ್ತಿನಲ್ಲಿ ಸಭೆಯನ್ನು ಕರೆಯಬಾರದೆಂಬುದು ಮಾತ್ರ ಇತರರಿಗೆ ತಿಳಿದರೆ ಸಾಕು.

ಇನ್ನು ವಿಚಾರ ಮಾಡತಕ್ಕ ಮುಖ್ಯ ಸಂಗತಿಯೆಂದರೆ, ಈ ಲೆಕ್ಕವು ಯಾರ ವಶದಲ್ಲಿರಬೇಕೆಂಬುದು. ಒಂದು ಸಂಸ್ಥೆಯ ದಿನಸೂಚಿಯನ್ನು ನೋಡಿದವನಿಗೆ ಆ ಸಂಸ್ಥೆಯ ಬಾಳೆಲ್ಲ ತಿಳಿಯುತ್ತದೆ. ಯಾರು ಯಾರನ್ನು ಕಂಡರು, ಹಣದ ಬಟವಾಡೆ ಎಂದು, ಕಚೇರಿಯಲ್ಲಿ ಯಾರೂ ಇಲ್ಲದ ದಿನ ಯಾವುದು - ಎಲ್ಲವೂ ಅದರಲ್ಲಿದೆ. ಅನೇಕ ಕಂಪನಿಗಳು ದಿನಸೂಚಿಯನ್ನು ತಮ್ಮ ಸರ್ವರುಗಳಲ್ಲಿ ಇಟ್ಟುಕೊಡುತ್ತವೆ. ಅದು ಅನುಕೂಲವೇ ಸರಿ. ಆದರೆ ಆ ತಂತ್ರಾಂಶವು ಒಳಗೆ ಏನು ಮಾಡುತ್ತದೆಂಬುದನ್ನು ಬಳಸುವವರು ನೋಡುವಂತಿಲ್ಲ. ಕಂಪನಿಯು ಸೇವೆಯನ್ನು ನಿಲ್ಲಿಸಿದರೆ ಅದನ್ನು ತಾವಾಗಿ ಮುಂದುವರಿಸುವಂತೆಯೂ ಇಲ್ಲ. ಕಟ್ಟಳೆಯನ್ನು ಗುಟ್ಟಾಗಿಟ್ಟ ನೀರುಗಂಟಿಯನ್ನು ಊರು ಒಪ್ಪುತ್ತಿತ್ತೆ?

ಈ ಪ್ರಶ್ನೆಗೆ ಉತ್ತರವಾಗಿ ಬೆಳೆದುದು ಮುಕ್ತ ತಂತ್ರಾಂಶ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬಾತನು ‘ಗ್ನೂ’ ಎಂಬ ಯೋಜನೆಯನ್ನು ಸಾರಿದನು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ನಡೆಸುವ, ಅದರ ಮೂಲ ಬರಹವನ್ನು ಓದಿ ತಿದ್ದುವ, ನಕಲುಗಳನ್ನು ಹಂಚುವ, ತಿದ್ದಿದುದನ್ನೂ ಹಂಚುವ ಸ್ವಾತಂತ್ರ್ಯಗಳು ಬಳಕೆದಾರನಿಗೆ ಇರಬೇಕೆಂಬುದು ಅವನ ವಾದ. 1998ರಿಂದ ‘ಓಪನ್ ಸೋರ್ಸ್’ ಎಂಬ ಹೆಸರೂ ಬಳಕೆಗೆ ಬಂದಿತು. ದಿನಸೂಚಿಯ ಸರ್ವರುಗಳಲ್ಲಿಯೂ ಇಂತಹವು ಹಲವುಂಟು: ರಾಡಿಕೇಲ್, ಡ್ಯಾವಿಕ್ಯಾಲ್, ಬೈಕಲ್, ಸೋಗೊ, ನೆಕ್ಸ್ಟ್‌ಕ್ಲೌಡ್ ಮೊದಲಾದುವು. ಇವುಗಳಲ್ಲಿ ರಾಡಿಕೇಲ್ ಬಹಳ ಚಿಕ್ಕದು. ಹಳೆಯ ಕಂಪ್ಯೂಟರಿನಲ್ಲಿಯೂ ನಡೆಯಬಲ್ಲದು. ನೆಕ್ಸ್ಟ್‌ಕ್ಲೌಡ್ ದಿನಸೂಚಿಯೊಡನೆ ಕಡತಗಳನ್ನೂ ವಿಳಾಸಗಳನ್ನೂ ಇಡುವ ದೊಡ್ಡ ವ್ಯವಸ್ಥೆ.

ಮೂಲ ಬರಹವು ತೆರೆದಿರುವುದರ ಬೆಲೆ ಸಂಕಟದಲ್ಲಿ ತಿಳಿಯುತ್ತದೆ. ಆಪಲ್ ಕಂಪನಿಯು 2006ರಲ್ಲಿ ತನ್ನ ದಿನಸೂಚಿಯ ಸರ್ವರಿನ ಮೂಲ ಬರಹವನ್ನು ಪ್ರಕಟಿಸಿತು. 2018ರಲ್ಲಿ ಅದೇ ಕಂಪನಿಯು ತನ್ನ ಸರ್ವರ್ ಉತ್ಪನ್ನದಿಂದ ಈ ಸೇವೆಯನ್ನು ಕೈಬಿಟ್ಟಿತು. ಆದರೆ ಅದನ್ನು ನೆಚ್ಚಿದ್ದವರು ದಿಕ್ಕುಗೆಡಬೇಕಾಗಲಿಲ್ಲ. ಬರಹದ ಕ್ರಮವೂ ಮಾತಿನ ನಿಯಮವೂ ಎಲ್ಲರಿಗೂ ಸೇರಿದುವಾದುದರಿಂದ ತಮ್ಮ ದಿನಸೂಚಿಗಳನ್ನು ಇನ್ನೊಂದು ಸರ್ವರಿಗೆ ಸಾಗಿಸಲು ಅವರಿಗೆ ದಾರಿಯಿತ್ತು. 2016ರಲ್ಲಿ ಓನ್‌ಕ್ಲೌಡ್ ಎಂಬ ಯೋಜನೆಯ ಸ್ಥಾಪಕನೂ ಸಂಗಡಿಗರೂ ಅದರ ಕಂಪನಿಯಿಂದ ಹೊರಬಂದು, ಅದೇ ಮೂಲ ಬರಹದಿಂದ ನೆಕ್ಸ್ಟ್‌ಕ್ಲೌಡನ್ನು ಕಟ್ಟಿದರು. ತಂತ್ರಾಂಶವು ಮುಕ್ತವಾಗಿರದಿದ್ದರೆ ಅವರು ಬರಿಗೈಯಲ್ಲಿ ಹೊರಬರಬೇಕಾಗುತ್ತಿತ್ತು.

ಕರ್ನಾಟಕಕ್ಕೂ ಈ ಚಳವಳಿಯು ಹೊಸದಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ಲಿನಕ್ಸ್ ಬಳಕೆದಾರರ ಸಮಾವೇಶವು ನಡೆಯಿತು. ಗ್ನೋಮ್, ಕೆಡಿಇ ಎಂಬ ಮುಕ್ತ ತಂತ್ರಾಂಶಗಳ ಮಾತುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಮೂಲ ಬರಹವು ತೆರೆದಿರುವ ಕಡೆ ‘ಸೋಮವಾರ’, ‘ಮಂಗಳವಾರ’ ಎಂಬ ಹೆಸರುಗಳನ್ನು ಸೇರಿಸಲು ಯಾವ ಕಂಪನಿಯ ಅಪ್ಪಣೆಗೂ ಕಾಯಬೇಕಾಗಿಲ್ಲ. ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಭಾರತ ಸರ್ಕಾರವು 2015ರಲ್ಲಿ ಪ್ರಕಟಿಸಿತು.

ಹಾಗೆಂದು ಮುಕ್ತ ತಂತ್ರಾಂಶವನ್ನು ತಂದಿಟ್ಟ ಮಾತ್ರಕ್ಕೆ ಎಲ್ಲವೂ ಸಿದ್ಧಿಸುವುದಿಲ್ಲ. ಅದಕ್ಕೆ ಬೆಲೆಯಿಲ್ಲದಿರಬಹುದು, ಆದರೆ ಅದನ್ನು ನಡೆಸುವುದಕ್ಕೆ ವೆಚ್ಚವುಂಟು. ಸರ್ವರಿಗೆ ವಿದ್ಯುತ್ತೂ ಇಂಟರ್‌ನೆಟ್ಟೂ ಬೇಕು. ಯಂತ್ರವು ಕೆಟ್ಟರೆ ದಾಖಲೆ ನಾಶವಾಗದಂತೆ ಬೇರೆಡೆ ನಕಲನ್ನು ಇಡಬೇಕು. ಕಳ್ಳದಾರಿಗಳನ್ನು ಮುಚ್ಚುವ ತಿದ್ದುಪಡಿಗಳನ್ನು ಆಗಾಗ ಅಳವಡಿಸಬೇಕು. ಸಂಸ್ಥೆಯನ್ನು ಬಿಟ್ಟುಹೋದವರ ಹಕ್ಕನ್ನು ತೆಗೆದುಹಾಕಬೇಕು. ಇದಕ್ಕೆಲ್ಲ ಹೊಣೆಯರಿತ ಒಬ್ಬ ವ್ಯಕ್ತಿಯು ಅವಶ್ಯ. ಅಂತಹವರಿಲ್ಲದ ಚಿಕ್ಕ ಸಂಸ್ಥೆಯು ಬೇರೆಯವರ ಸೇವೆಯನ್ನು ಕೊಳ್ಳುವುದೇ ಮೇಲಾಗಬಹುದು. ಆಗಲೂ ಸಾಮಾನ್ಯ ನಿಯಮಗಳನ್ನು ಪಾಲಿಸುವ ಸೇವೆಯನ್ನೇ ಆರಿಸಿಕೊಂಡರೆ, ಬೇಕೆಂದಾಗ ದಾಖಲೆಗಳೊಡನೆ ಹೊರಬರಲು ಬಾಗಿಲು ತೆರೆದಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬದಲಾದ ದಿನವನ್ನು ಕೂಡಲೇ ಬರೆಯುವ ಅಭ್ಯಾಸವು ಮನುಷ್ಯರಲ್ಲಿರಬೇಕು. ಬರೆಯದ ಸಂಗತಿಯನ್ನು ಯಾವ ಸರ್ವರೂ ತಿಳಿಸಲಾರದು. ಮೊಬೈಲಿಲ್ಲದ ಮನೆಗೆ ಸುದ್ದಿ ಮುಟ್ಟಿಸುವ ಕೆಲಸವೂ ಮನುಷ್ಯರಿಗೇ ಉಳಿಯುತ್ತದೆ.

ಕೂಡಿ ಬಾಳುವ ಜನರಿಗೆ ಪರಸ್ಪರರ ಹೊತ್ತನ್ನು ಗೌರವಿಸುವುದು ಮೊದಲ ಸೌಜನ್ಯ. ಕೂಲಿಯನ್ನು ಬಿಟ್ಟು ಬಂದ ರೈತನ ಒಂದು ಬೆಳಗನ್ನು ವ್ಯರ್ಥಮಾಡಿದರೆ ಅದನ್ನು ಯಾರೂ ಹಿಂದಕ್ಕೆ ಕೊಡಲಾರರು. ಅಂತಹ ಬೆಳಗುಗಳನ್ನು ಉಳಿಸಿಕೊಡುವುದೇ ಸಾಮೂಹಿಕ ದಿನಸೂಚಿಯ ಪ್ರಯೋಜನ. ಅದರ ಕಟ್ಟಳೆಯು ಎಲ್ಲರಿಗೂ ತೆರೆದಿದ್ದು, ಅದರ ಲೆಕ್ಕವು ಬಳಸುವವರ ಕೈಯಲ್ಲಿಯೇ ಇದ್ದಾಗ ಆ ಪ್ರಯೋಜನವು ಶಾಶ್ವತವಾದೀತು.