ಹಿತ್ತಿಲಲ್ಲಿ ಸಿಕ್ಕ ನಾಣ್ಯ ಯಾರದು?

"ಮನೆ ನನ್ನದು, ಮಣ್ಣು ನನ್ನದು, ಒಳಗೆ ಸಿಕ್ಕಿದ್ದೂ ನನ್ನದೇ." ಮೆಟಲ್ ಡಿಟೆಕ್ಟರ್ ತರಿಸಿಕೊಂಡು ಹಿತ್ತಿಲಿಗೆ ಇಳಿಯುವವರ ಮೊದಲ ನಂಬಿಕೆ ಇದು. ಪ್ರಾಚೀನ ಬೌದ್ಧ ಅವಶೇಷಗಳಿರುವ ಸಾರನಾಥದಂಥ ಊರಲ್ಲಿ ಇದು ನೇರವಾಗಿ ಜೈಲಿನ ದಾರಿ. 1878ರ ನಿಧಿ ಕಾಯ್ದೆಯ ಪ್ರಕಾರ, ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಏನು, ಎಲ್ಲಿ, ಯಾವತ್ತು ಸಿಕ್ಕಿತೆಂದು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯಿದೆ.

"ಹೇಳಿದರೆ ಸರ್ಕಾರ ಎಲ್ಲ ಬಾಚಿಕೊಳ್ಳುತ್ತದೆ" ಎಂಬುದೂ ಸುಳ್ಳೇ. 1878ರ ಕಾಯ್ದೆಯಲ್ಲಿ ವಾರಸುದಾರರಿಲ್ಲದ ನಿಧಿಯ ಮುಕ್ಕಾಲು ಪಾಲು ಸಿಕ್ಕವರಿಗೆ, ಕಾಲು ಪಾಲು ಜಾಗದ ಮಾಲೀಕರಿಗೆ. ಅವರವರಲ್ಲೇ ಬೇರೆ ಒಪ್ಪಂದವಿದ್ದರೆ ಅದರಂತೆ. ಸರ್ಕಾರವೇ ಇಟ್ಟುಕೊಂಡರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು.

"ಯಂತ್ರ ಕೂಗಿದರೆ ಕೆಳಗೆ ಅಶೋಕನ ಕಾಲದ್ದೇ ಇದೆ." ಇಲ್ಲ. ಸಾಮಾನ್ಯ ಡಿಟೆಕ್ಟರ್ ಒಂಟಿ ನಾಣ್ಯವನ್ನು ಗುರುತಿಸುವುದು ಹೆಚ್ಚೆಂದರೆ ಒಂದಡಿ ಆಳದವರೆಗೆ. ಸೋಡಾ ಮುಚ್ಚಳ, ತುಂಡು ತಂತಿ, ಬೆಳ್ಳಿಹಾಳೆಗೂ ಅದು ಕೂಗುತ್ತದೆ.

ನನಗೆ ಇವೆಲ್ಲಕ್ಕಿಂತ ನೋವು ತರುವ ನಂಬಿಕೆ ಇನ್ನೊಂದು: "ವಸ್ತು ಕೈಗೆ ಬಂದರೆ ಸಾಕು, ಜಾಗದಿಂದೇನು?" 1794ರಲ್ಲಿ ಕಾಶಿಯ ಜಗತ್ ಸಿಂಗ್‌ನ ಆಳುಗಳು ಇಟ್ಟಿಗೆಗಾಗಿ ಸಾರನಾಥದ ಧರ್ಮರಾಜಿಕ ಸ್ತೂಪವನ್ನು ಕೆಡವಿದರು. ಕಲ್ಲಿನ ಪೆಟ್ಟಿಗೆಯೊಳಗೆ ಹಸಿರು ಅಮೃತಶಿಲೆಯ ಕರಂಡಕ, ಅದರೊಳಗೆ ಮೂಳೆ, ಮುತ್ತು, ಚಿನ್ನದ ಹಾಳೆ. ಮೂಳೆಗಳನ್ನು ಗಂಗೆಗೆ ಬಿಟ್ಟರು. ಅವು ಯಾರವು ಎಂದು ಪರೀಕ್ಷಿಸುವ ಅವಕಾಶವೇ ಇಂದು ಇಲ್ಲ. ಸ್ತೂಪದ ತಳಪಾಯವಷ್ಟೇ ಉಳಿದಿದೆ. ನೂರಾಹತ್ತು ವರ್ಷದ ನಂತರ, 1904-05ರಲ್ಲಿ, ಎಂಜಿನಿಯರ್ ಓರ್ಟೆಲ್ ಅದೇ ಆವರಣವನ್ನು ಕ್ರಮವಾಗಿ ಅಗೆಸಿದರು. ಅಶೋಕನ ಸಿಂಹಸ್ತಂಭದ ಶಿರೋಭಾಗ ಸಿಕ್ಕಿತು. ಸ್ತಂಭದ ಬುಡ ಎಲ್ಲಿತ್ತೋ ಅಲ್ಲೇ ಈಗಲೂ ನೋಡಲು ಸಿಗುತ್ತದೆ.

ನಾಣ್ಯಕ್ಕೂ ಇದೇ ಮಾತು. ಗೋಡೆಯ ಬುಡದ ಪದರದಲ್ಲಿ ಸಿಕ್ಕ ಒಂದು ತಾಮ್ರದ ಕಾಸು ಆ ಗೋಡೆಯ ಕಾಲವನ್ನೇ ಹೇಳಬಲ್ಲದು. ಕಿತ್ತು ತೆಗೆದು ಜೇಬಿಗೆ ಹಾಕಿಕೊಂಡರೆ ಅದು ಬರೀ ಕಾಸು. ಸಂರಕ್ಷಿತ ಆವರಣದೊಳಗಂತೂ ಪರವಾನಗಿ ಇಲ್ಲದೆ ಅಗೆಯುವಂತೆಯೇ ಇಲ್ಲ.

"ಹುಣಸೆಹಣ್ಣು ಹಾಕಿ ಉಜ್ಜಿದರೆ ಬೆಲೆ ಏರುತ್ತದೆ." ಉಲ್ಟಾ. ಹುಳಿ ತಾಮ್ರದ ಮೇಲಿನ ಹಸಿರು ಪದರವನ್ನು ಕಿತ್ತು ಅಕ್ಷರಗಳನ್ನೂ ತಿನ್ನುತ್ತದೆ.

ಗಿಡ ನೆಡಲು ಗುಂಡಿ ತೋಡುವಾಗ ನಾಣ್ಯ ಕಂಡರೆ ಅಗೆಯುವುದನ್ನು ನಿಲ್ಲಿಸಿ. ಅದು ಇದ್ದಲ್ಲೇ ಫೋಟೊ ತೆಗೆದು, ಆಳ ಅಳೆದು ಬರೆದಿಟ್ಟು, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಸ್ವೀಕೃತಿ ಪಡೆಯಲು ಮರೆಯಬೇಡಿ.