ಭಾಗಾಕಾರದ ಯಂತ್ರ ಬಿಂದುವನ್ನರಿಯದು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಜಯನಗರ, ಬನಶಂಕರಿಗಳ ಮನೆಗಳಲ್ಲಿ ಟಿ.ವಿ.ಗೆ ವೈರು ಜೋಡಿಸಿ, ‘ಕ್ಯಾಸೆಟ್’ ತುರುಕಿ ವಿಡಿಯೋ ಗೇಮ್ ಆಡುತ್ತ ಬೆಳೆದವರಲ್ಲಿ ಅನೇಕರು ಇಂದು ಗಣಕವಿದ್ಯೆಯಲ್ಲಿ ನಿಷ್ಣಾತರು. ಹಳೆಯ ಆಟದ ಯಂತ್ರಗಳಿಗೆ ಹೊಸ ಪ್ರೋಗ್ರಾಮುಗಳನ್ನು ಬರೆಯುವ ಹವ್ಯಾಸವುಳ್ಳವರೂ ಅವರಲ್ಲಿ ಉಂಟು. ಆದರೂ, ದಶಮಾಂಶ ಬಿಂದುವುಳ್ಳ ಸಂಖ್ಯೆಗಳನ್ನು ನೇರವಾಗಿ ಲೆಕ್ಕಿಸುವ ಫ್ಲೋಟಿಂಗ್ ಪಾಯಿಂಟ್ ಘಟಕವಿಲ್ಲದ ಯಂತ್ರಕ್ಕೆ ಭಿನ್ನರಾಶಿಗಳ ಗಣಿತವೇ ಅಸಾಧ್ಯವೆಂಬ ನಂಬಿಕೆಯೂ, ಭಾಗಿಸುವ ಹಾರ್ಡ್‌ವೇರ್ ಇದ್ದರೆ ಎರಡು ಸಂಖ್ಯೆಗಳನ್ನು ಅದರ ಕೈಗಿತ್ತು ನಿಶ್ಚಿಂತರಾಗಿರಬಹುದೆಂಬ ನಂಬಿಕೆಯೂ ಇಂಥವರ ನಡುವೆಯೇ ಬೇರುಬಿಟ್ಟಿರುವುದನ್ನು ಕಾಣುತ್ತೇವೆ. ಎರಡೂ ಸತ್ಯಕ್ಕೆ ದೂರ.

2004ರಲ್ಲಿ ಬಂದ ನಿಂಟೆಂಡೊ ಡಿ.ಎಸ್. ಯಂತ್ರವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಅದರ ಎ.ಆರ್.ಎಂ. ಪ್ರೊಸೆಸರುಗಳಲ್ಲಿ ಫ್ಲೋಟಿಂಗ್ ಪಾಯಿಂಟ್ ಘಟಕವಿಲ್ಲ. ಭಾಗಾಕಾರದ ಆಜ್ಞೆ ಕೂಡ ಇಲ್ಲ. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿಯೇ ಮಾರುಕಟ್ಟೆಗೆ ಬಂದ ಸಿಂಪ್ಯೂಟರ್ ಎಂಬ ಕೈಗಣಕದ ಪ್ರೊಸೆಸರಿಗೂ ಈ ಎರಡು ಅನುಕೂಲಗಳಿರಲಿಲ್ಲವೆಂಬುದನ್ನು ನೆನೆದರೆ, ಇದು ಆಟಿಕೆಯ ದಾರಿದ್ರ್ಯವಲ್ಲ, ಆ ಕಾಲದ ಮಿತವ್ಯಯದ ವಿನ್ಯಾಸವೆಂಬುದು ಮನದಟ್ಟಾಗುತ್ತದೆ. ಡಿ.ಎಸ್.ನ ನಿರ್ಮಾಪಕರು ಮಾತ್ರ ಪ್ರೊಸೆಸರಿನ ಹೊರಗೆ ಪೂರ್ಣಾಂಕಗಳನ್ನು ಭಾಗಿಸುವ ಪ್ರತ್ಯೇಕ ಘಟಕವೊಂದನ್ನು ಇರಿಸಿದರು.

ಪೂರ್ಣಾಂಕದಲ್ಲಿ ಭಿನ್ನರಾಶಿಯನ್ನು ಅಡಗಿಸುವ ಉಪಾಯ ನಮಗೆ ಹೊಸದಲ್ಲ. 1957ರಲ್ಲಿ ರೂಪಾಯಿಗೆ ನೂರು ಪೈಸೆಯಾದ ಮೇಲೆ ಏಳು ರೂಪಾಯಿಯನ್ನು 700 ಪೈಸೆಯೆಂದು ಬರೆದಿಟ್ಟು ಕೂಡಿ ಕಳೆಯುವ ಅಂಗಡಿಯವನಿಗೆ ದಶಮಾಂಶ ಬಿಂದುವಿನ ಹಂಗಿಲ್ಲ. ಆದರೆ ಭಾಗಾಕಾರದಲ್ಲಿ ಈ ಸೌಕರ್ಯ ತೊಡಕಾಗಿ ಪರಿಣಮಿಸುತ್ತದೆ. 700 ಪೈಸೆಯನ್ನು 200 ಪೈಸೆಯಿಂದ ಭಾಗಿಸಿದರೆ ಪೈಸೆ ಪೈಸೆಗೆ ವಜಾ ಆಗಿ ಬರಿಯ ಮೂರು ಉಳಿಯುತ್ತದೆ. ಮೂರೂವರೆಯ ಆ ಅರ್ಧ ಶೇಷದಲ್ಲಿ ಸಿಕ್ಕಿಬೀಳುತ್ತದೆ. ಭಾಗಲಬ್ಧ ಬಂದ ಮೇಲೆ ಅದನ್ನು ನೂರರಿಂದ ಗುಣಿಸಿದರೂ 300 ಆದೀತೇ ಹೊರತು ಕಳೆದುಹೋದ ಅರ್ಧ ಹಿಂದಿರುಗದು. ಭಾಜ್ಯವನ್ನು ಮೊದಲೇ ನೂರರಿಂದ ಗುಣಿಸಿ 70000ವನ್ನು 200ರಿಂದ ಭಾಗಿಸಿದರೆ 350 ದೊರೆಯುತ್ತದೆ, ಅದೇ ಮೂರೂವರೆ.

ಡಿ.ಎಸ್.ನಲ್ಲಿ ನೂರರ ಸ್ಥಾನದಲ್ಲಿ ರೂಢಿಯಾಗಿ 4096 ನಿಲ್ಲುತ್ತದೆ, ಅಂದರೆ 12 ಬಿಟ್‌ಗಳು ಭಿನ್ನಭಾಗಕ್ಕೆ ಮೀಸಲು. ಮೂರು 12288 ಆಗಿ, ಎರಡು 8192 ಆಗಿ ಕುಳಿತಿರುತ್ತವೆ. ಭಾಜ್ಯವನ್ನು ಎಡಕ್ಕೆ 12 ಬಿಟ್ ಸರಿಸಿದರೆ 50331648. ಅದನ್ನು 8192ರಿಂದ ಭಾಗಿಸಿದರೆ 6144, ಎಂದರೆ ಒಂದೂವರೆ. ಆದರೆ ಹೀಗೆ ಸರಿಸಿದ ಭಾಜ್ಯ, ಮೂಲಬೆಲೆ 128ನ್ನು ಮುಟ್ಟಿದೊಡನೆ, ಚಿಹ್ನೆಸಹಿತವಾದ 32 ಬಿಟ್‌ಗಳಲ್ಲಿ ಹಿಡಿಸದು. ಆದುದರಿಂದಲೇ 64 ಬಿಟ್ ಭಾಜ್ಯವನ್ನು 32 ಬಿಟ್ ಭಾಜಕದಿಂದ ಭಾಗಿಸುವ ವಿಧಾನವನ್ನು ಆ ಘಟಕದಲ್ಲಿ ಒದಗಿಸಿದ್ದಾರೆ. ಇದು ಅಲಂಕಾರವಲ್ಲ, ಪ್ರಾಣ.

ಹಾರ್ಡ್‌ವೇರ್ ಎಂದಮಾತ್ರಕ್ಕೆ ಉತ್ತರ ತತ್‌ಕ್ಷಣ ದೊರೆಯುವುದೂ ಇಲ್ಲ. 32 ಬಿಟ್ ಭಾಗಾಕಾರಕ್ಕೆ ಯಂತ್ರದ ಗಡಿಯಾರದ 18 ಆವರ್ತಗಳು, 64 ಬಿಟ್‌ನದಕ್ಕೆ 34 ಬೇಕು. ಆ ಅವಧಿಯಲ್ಲಿ ಪ್ರೊಸೆಸರಿಗೆ ಬೇರೆ ಕೆಲಸ ಹಚ್ಚುವುದೇ ಜಾಣತನ. ನಡುವೆ, ನಡೆಯುತ್ತಿರುವ ಕೆಲಸವನ್ನು ತಡೆಯುವ ಇಂಟರಪ್ಟ್ ಬಂದು ಅದೂ ಅದೇ ಘಟಕವನ್ನು ಬಳಸಿದರೆ ಮೊದಲ ಲೆಕ್ಕ ಕೆಡುತ್ತದೆ. ಘಟಕವನ್ನು ಬಿಟ್ಟು ಬರಿಯ ಸರಿಸುವಿಕೆಯಿಂದ ಕೆಲಸ ಸಾಗಿಸೋಣವೆಂದರೆ, ಬಲಕ್ಕೆ ಒಂದು ಬಿಟ್ ಸರಿಸುವುದೂ ಎರಡರಿಂದ ಭಾಗಿಸುವುದೂ ಒಂದೇ ಎಂಬ ಮಾತು ಋಣಸಂಖ್ಯೆಗಳಿಗೆ ಸಲ್ಲದು: −1ನ್ನು ಸರಿಸಿದರೆ −1 ಉಳಿಯುತ್ತದೆ, ಭಾಗಿಸಿದರೆ ಸೊನ್ನೆ.

ಇನ್ನು ಸೊನ್ನೆಯಿಂದ ಭಾಗಿಸುವ ಪ್ರಶ್ನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಅವಿಕಾರಿಯಾಗಿ ಉಳಿಯುವುದೆಂದು ಹೇಳಿದ್ದು ಪ್ರಮಾದವೆಂಬುದು ಈಗ ಸರ್ವವಿದಿತ. ಸೊನ್ನೆಯಿಂದ ಭಾಗಿಸಿದರೆ ಯಂತ್ರ ಸ್ತಬ್ಧವಾಗುವುದೆಂದು ತಿಳಿದವರು ಬಹಳ. ಆದರೆ ಡಿ.ಎಸ್. ನಿಲ್ಲುವುದಿಲ್ಲ, ಅರ್ಥಹೀನ ಭಾಗಲಬ್ಧವನ್ನಿತ್ತು, ಭಾಜ್ಯವನ್ನೇ ಶೇಷವೆಂದು ಒಪ್ಪಿಸಿ, ದೋಷಸೂಚಕ ಬಿಟ್ಟೊಂದನ್ನು ಎತ್ತುತ್ತದೆ. ಆ ಸೂಚಕವೂ ಏಳುವುದು ಭಾಜಕಕ್ಕೆ ಮೀಸಲಾದ 64 ಬಿಟ್‌ಗಳೆಲ್ಲ ಸೊನ್ನೆಯಾಗಿದ್ದರೆ ಮಾತ್ರ. 32 ಬಿಟ್ ಭಾಜಕವನ್ನಷ್ಟೇ ಬರೆದು, ಮೇಲಿನ ಅರ್ಧದಲ್ಲಿ ಹಿಂದಿನ ಲೆಕ್ಕದ ಅವಶೇಷವನ್ನು ಹಾಗೆಯೇ ಬಿಟ್ಟರೆ ಸೂಚಕ ಮೌನವಾಗಿರುತ್ತದೆ. ಆದ್ದರಿಂದ ಭಾಜಕ ಸೊನ್ನೆಯೇ ಎಂದು ಪ್ರೋಗ್ರಾಮಿನಲ್ಲಿಯೇ ಮುಂಚಿತವಾಗಿ ಪರೀಕ್ಷಿಸತಕ್ಕದ್ದು.